ಎಣಿಸದೆ ಹಿತಕಿದ ಅವರೆಕಾಳು

ಆಟಿಸಂ (ಮಾತು, ಒಡನಾಟ, ವರ್ತನೆ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಇರುವ ಮಕ್ಕಳ ತಾಯಂದಿರು ನನ್ನೆದುರು ಕುಳಿತು ಹೇಳುವ ಮಾತುಗಳಲ್ಲಿ ಒಂದು ಪದೇ ಪದೇ ಕೇಳಿಬರುತ್ತದೆ: "ನನ್ನಿಂದ ಇನ್ನೂ ಸಾಲುತ್ತಿಲ್ಲ." ಅಂಥ ಒಬ್ಬ ತಾಯಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವರು ಬಂದದ್ದು ನಿದ್ದೆ ಬರುವುದಿಲ್ಲವೆಂದು. ಐದು ವರ್ಷದ ಮಗನಿಗೆ ಎರಡು ವರ್ಷದ ಹಿಂದೆ ಆಟಿಸಂ ಎಂದು ಗೊತ್ತಾಗಿತ್ತು. ಅಂದೇ ಶಿಕ್ಷಕಿಯ ಕೆಲಸ ಬಿಟ್ಟಿದ್ದರು. ದುಡ್ಡು ಸಾಲದೆ ಮಗನ ಥೆರಪಿಯನ್ನು, ಅಂದರೆ ತಜ್ಞರು ಕೊಡುವ ತರಬೇತಿಯನ್ನು, ವಾರಕ್ಕೊಮ್ಮೆಗೆ ಇಳಿಸಿ, ಉಳಿದದ್ದನ್ನೆಲ್ಲ ಮನೆಯಲ್ಲಿ ತಾವೇ ಮಾಡಿಸುತ್ತಿದ್ದರು. "ಮೊಬೈಲ್ ಕೊಟ್ಟು ನೀನೇ ಹಾಳು ಮಾಡಿದೆ" ಎನ್ನುವುದು ಅತ್ತೆಯ ತೀರ್ಪು. ಗಂಡ ಒಳ್ಳೆಯವರೇ, ಆದರೆ ಮಗನೊಡನೆ ಒಬ್ಬರೇ ಅರ್ಧ ದಿನ ಕಳೆದವರಲ್ಲ.

ಮೂರನೆಯ ಭೇಟಿಗೆ ಮಗನನ್ನೂ ಕರೆತಂದರು. ಅವನು ನನ್ನ ನೀರಿನ ಬಾಟಲಿಯ ಮುಚ್ಚಳವನ್ನು ಮೇಜಿನ ಮೇಲೆ ಗಿರಗಿರನೆ ತಿರುಗಿಸಿ, ಅದು ನಿಲ್ಲುವವರೆಗೂ ಬಾಗಿ ನೋಡುತ್ತಿದ್ದ. ನಿಂತೊಡನೆ ಮತ್ತೆ ತಿರುಗಿಸುತ್ತಿದ್ದ. ಮಾತಿನ ನಡುವೆಯೇ ತಾಯಿ ಮುಚ್ಚಳವನ್ನು ಎತ್ತಿಕೊಂಡು, "ಇದು ಯಾವ ಬಣ್ಣ? ನೀ... ನೀ... ಹೇಳು ಪುಟ್ಟ" ಎಂದರು. ಅವನು ಕೈ ಹಿಂದಕ್ಕೆ ಎಳೆದುಕೊಂಡು ಮೇಜಿನ ಕೆಳಗೆ ಸರಿದುಬಿಟ್ಟ. ತಾಯಿ ಚೀಲದಿಂದ ನೋಟ್‌ಬುಕ್ ತೆಗೆದು, ಸಮಯ ಹಾಕಿ, "ಪ್ರತಿಕ್ರಿಯೆ ಇಲ್ಲ" ಎಂದು ಬರೆದರು.

ನಾನು ಕೇಳಿದೆ: "ಏನನ್ನೂ ಕಲಿಸದೆ ಅವನ ಪಕ್ಕ ನೀವು ಕೊನೆಯ ಬಾರಿ ಕುಳಿತದ್ದು ಯಾವಾಗ?"

ಬಹಳ ಹೊತ್ತು ಯೋಚಿಸಿದರು. ಕೊನೆಗೆ ಹೇಳಿದ್ದು ಇದು: "ನೆನೆಸಿದ ಅವರೆಕಾಳು ಹಿತಕುವಾಗ ಅವನೇ ಬಂದು ಪಕ್ಕದಲ್ಲಿ ಕೂರುತ್ತಾನೆ ಮೇಡಂ. ಕಾಳನ್ನು ಒತ್ತಿದರೆ ಬೇಳೆ ಚಿಮ್ಮುತ್ತದಲ್ಲ, ಅದು ಅವನಿಗೆ ಬಲು ಇಷ್ಟ. ಆದರೆ ನಾನು ಒಂದು, ಎರಡು ಎಂದು ಎಣಿಸಲು ಶುರು ಮಾಡುತ್ತೇನೆ. ಅವನು ಎದ್ದು ಹೋಗುತ್ತಾನೆ." ಸ್ವಲ್ಪ ತಡೆದು, "ನಾನು ಬಂದೆನೆಂದರೆ ಪಾಠ ಬಂತು ಎಂದು ಅವನಿಗೆ ಗೊತ್ತಾಗಿಬಿಟ್ಟಿದೆ" ಎಂದರು. ಅಷ್ಟು ದಿನ ತಡೆದಿದ್ದ ಅಳು ಆಗ ಬಂತು.

ಅಂದು ನಾನು ಕೊಟ್ಟ ಸಲಹೆ ಚಿಕ್ಕದು. ದಿನಕ್ಕೆ ಅರ್ಧ ಗಂಟೆ ಪಾಠದ ಕಾರ್ಡು, ನೋಟ್‌ಬುಕ್, ಪ್ರಶ್ನೆ ಯಾವುದೂ ಬೇಡ. ಅವರೆಕಾಳು ಹಿತಕಿ, ಎಣಿಸಬೇಡಿ. ಅವನು ಎದ್ದು ಹೋದರೆ ಹೋಗಲಿ, ಕರೆಯಬೇಡಿ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು ಬೇಸರಪಟ್ಟರು. ಎಳೆಯ ವಯಸ್ಸಿನ ಒಂದೊಂದು ಗಂಟೆಯೂ ಅಮೂಲ್ಯ, ತಾಯಿಗೆ ಬಿಡುವು ಕೊಡಿಸಲು ಹೋಗಿ ಮಗುವಿನ ಸಮಯ ಕಳೆಯುತ್ತಿದ್ದೀರಿ ಎಂದರು. ಥೆರಪಿ ನಿಲ್ಲಿಸಿ ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಬೇಗ ಶುರುವಾದ ತರಬೇತಿಯಿಂದ ಮಕ್ಕಳಿಗೆ ಒಳಿತಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ತಾಯಿ ಕಲಿಸುವುದಕ್ಕೂ ಬೆಲೆಯಿದೆ. ಆದರೆ ಅಮ್ಮನನ್ನು ಕಂಡು ಮೇಜಿನ ಕೆಳಗೆ ಅಡಗುವ ಮಗು ಆ ಗಂಟೆಯಲ್ಲಿ ಏನು ಕಲಿಯುತ್ತಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನನಗೆ ಈ ವಿಷಯದಲ್ಲಿ ಸಿಟ್ಟಿದೆ, ಮುಚ್ಚಿಡುವುದಿಲ್ಲ. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಅನ್ನು ವಿವರಿಸಿದ ನಂತರ ಕೆಲವು ದಶಕಗಳ ಕಾಲ ವೈದ್ಯಲೋಕವೇ ತಾಯಿಯತ್ತ ಬೆರಳು ತೋರಿಸಿತು. ಪ್ರೀತಿಯಿಲ್ಲದ, ಮಂಜುಗಡ್ಡೆಯಂಥ ತಾಯಿಯಿಂದ ಮಗು ಹೀಗಾಗುತ್ತದೆ ಎಂದಿತು. ಆಟಿಸಂ ಇರುವ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಅದನ್ನು ಖಂಡಿಸಿ, ಕಾರಣ ಮಿದುಳಿನ ಬೆಳವಣಿಗೆಯಲ್ಲಿದೆ ಎಂದು ವಾದಿಸಿದರು. ಆ ಸಿದ್ಧಾಂತ ಬಿದ್ದುಹೋಯಿತು, ಬೆರಳು ಮಾತ್ರ ಇಳಿಯಲಿಲ್ಲ. ಅಂದು ಪ್ರೀತಿ ಸಾಲದು ಎಂದರು, ಇಂದು ತರಬೇತಿ ಸಾಲದು ಎನ್ನುತ್ತಾರೆ. ಅತ್ತೆಯ ಮೊಬೈಲ್ ಮಾತೂ ಅದೇ ಜಾತಿಯದು.

ಇನ್ನೊಂದು ವಿಷಯಕ್ಕೆ ಅವರನ್ನು ಒಪ್ಪಿಸಲು ಎರಡು ಭೇಟಿ ಬೇಕಾದವು. "ಮಗನ ಹಣೆಗೆ ಮುದ್ರೆ ಒತ್ತಿದಂತೆ" ಎಂದು ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅಂಗವೈಕಲ್ಯದ ಪ್ರಮಾಣ ಶೇ 40 ಅಥವಾ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ಬಯಸಿದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯುವ ಹಕ್ಕಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) 'ನಿರಾಮಯ' ಆರೋಗ್ಯ ವಿಮೆ ₹1 ಲಕ್ಷದವರೆಗೆ ನೆರವಾಗುತ್ತದೆ, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ. ಥೆರಪಿಸ್ಟ್ ಮಾಡಬೇಕಾದ ಕೆಲಸ ಥೆರಪಿಸ್ಟ್ ಕೈಗೆ ಹೋದರೆ ತಾಯಿ ತಾಯಿಯಾಗಿರಲು ಹೊತ್ತು ಸಿಗುತ್ತದೆ. ಹೀಗೆ ಹೇಳಿದ ಮೇಲೆ ಅವರು ಅರ್ಜಿ ಹಾಕಿದರು.

ಗಂಡನನ್ನೂ ಕರೆಸಿದೆ. ಭಾನುವಾರ ಬೆಳಗ್ಗೆ ಮಗ ನಿಮ್ಮೊಡನೆ, ಹೆಂಡತಿ ಮನೆಯಲ್ಲಿ ಇರಕೂಡದು ಎಂದೆ. ಮೊದಲ ಭಾನುವಾರ ಅವರು ಆರು ಬಾರಿ ಫೋನ್ ಮಾಡಿದರಂತೆ. ನಾಲ್ಕನೆಯ ಭಾನುವಾರ ಒಂದೂ ಕರೆ ಬರಲಿಲ್ಲವೆಂದು ಹೆಂಡತಿಯೇ ಗಾಬರಿಯಾಗಿ ಮನೆಗೆ ಓಡಿದ್ದರು. ಅಪ್ಪ ಮಗ ಇಬ್ಬರೂ ಫ್ಯಾನಿನ ಕೆಳಗೆ ಮಲಗಿ ಅದು ತಿರುಗುವುದನ್ನು ನೋಡುತ್ತಿದ್ದರಂತೆ.

ಹುಡುಗನಿಗೆ ಮಾತು ಇನ್ನೂ ಬಂದಿಲ್ಲ. ಅತ್ತೆಯೂ ಬದಲಾಗಿಲ್ಲ. ತಾಯಿಗೆ ರಾತ್ರಿ ನಾಲ್ಕೈದು ಗಂಟೆ ನಿದ್ದೆ ಬರುತ್ತಿದೆ. ಅವರೆಕಾಯಿ ಕಾಲ ಮುಗಿದ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯಲು ಕುಳಿತರು. ಕೈಗೆ ಅಂಟುವುದು ಅವನಿಗೆ ಆಗದು, ಚೀರಿ ಓಡಿಹೋದ. ಈಗ ಕಡಲೆಕಾಯಿ ಬಿಡಿಸುತ್ತಿದ್ದಾರೆ. ಗಟ್ಟಿ ಸಿಪ್ಪೆಯ ಕಾಯಿ ಸಿಕ್ಕಾಗ ಅವನು ಅಮ್ಮನ ಕೈಯನ್ನು ಹಿಡಿದು ಅದರ ಮೇಲೆ ಇಡುತ್ತಾನಂತೆ. ಅವರು ಒಡೆದು ಕೊಡುತ್ತಾರೆ.