ಶಗಾಲ್ ಚಿತ್ರದಲ್ಲಿ ಬಯಲು ಯಾಕಿಲ್ಲ?

ಯಹೂದಿಗಳು ಪ್ರಾರ್ಥಿಸುವ ಜೆರುಸಲೇಮಿನ ಪಶ್ಚಿಮ ಗೋಡೆಯನ್ನು ಚಿತ್ರಕಾರ ಮಾರ್ಕ್ ಶಗಾಲ್ ಬಿಡಿಸಿದ ಚಿತ್ರದಲ್ಲಿ, ಗೋಡೆ ಮುಂದೆ ಈಗಿರುವ ದೊಡ್ಡ ಬಯಲೇ ಕಾಣಲ್ಲ, ಅದನ್ನು ಬೇಕಂತಲೇ ಬಿಟ್ಟಿದ್ದಾ ಅಂತ ಕೇಳಿದ್ದೀರಿ. ಇಲ್ಲ, ಆಗ ಅಲ್ಲಿ ಬಯಲೇ ಇರಲಿಲ್ಲ. ಅವರು ಅಲ್ಲಿಗೆ ಹೋಗಿದ್ದು 1931ರಲ್ಲಿ, ಬೈಬಲ್ಲಿಗೆ ಚಿತ್ರ ಮಾಡಿಕೊಡುವ ಕೆಲಸ ಒಪ್ಪಿಕೊಂಡಿದ್ದಾಗ. ಆಗ ಗೋಡೆ ಮುಂದೆ ಇದ್ದದ್ದು ಕೆಲವೇ ಮೀಟರ್ ಅಗಲದ ಓಣಿ, ಅದಕ್ಕೆ ಅಂಟಿಕೊಂಡಂತೆ ಮೊರೊಕ್ಕನ್ ಕೇರಿಯ ಮನೆಗಳು. ಆ ಮನೆಗಳನ್ನು ಕೆಡವಿ ಬಯಲು ಮಾಡಿದ್ದು 1967ರ ಜೂನ್‌ನಲ್ಲಿ, ಇಸ್ರೇಲ್ ಮತ್ತು ಅರಬ್ ದೇಶಗಳ ಆರು ದಿನಗಳ ಯುದ್ಧದ ಬೆನ್ನಲ್ಲೇ. ಹಾಗಾಗಿ ಈಗಿನ ಫೋಟೋ ಪಕ್ಕದಲ್ಲಿಟ್ಟು ನೋಡಿದರೆ ಬೇರೆ ಜಾಗ ಅನ್ನಿಸೋದು ಸಹಜ.

ಶಗಾಲ್ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಹಾರುವ ಜೋಡಿ, ಪಿಟೀಲು ಇದರಲ್ಲಿ ಏನೂ ಇಲ್ಲ, ಸಪ್ಪೆ ಅಂದ್ರಲ್ಲ, ನಾನು ಒಪ್ಪಲ್ಲ. ಗೋಡೆಯ ಕಲ್ಲುಗಳೇ ಚಿತ್ರ ತುಂಬಿಕೊಂಡು, ಪ್ರಾರ್ಥಿಸುವ ಜನ ಅದರ ಬುಡದಲ್ಲಿ ಸಣ್ಣಗೆ ನಿಂತಿದ್ದಾರೆ. ಎಲ್ಲರನ್ನೂ ಆಕಾಶಕ್ಕೆ ಏರಿಸುವ ಮನುಷ್ಯ ಇಲ್ಲಿ ಸುಮ್ನೆ ನೆಲದ ಮೇಲೆ ನಿಲ್ಲಿಸಿದ್ದಾರೆ, ನನಗಂತೂ ಅದೇ ಜಾಸ್ತಿ ಇಷ್ಟ. 1932ರ ತೈಲವರ್ಣ ಇದು, ಟೆಲ್ ಅವಿವ್ ಕಲಾ ಮ್ಯೂಸಿಯಂನಲ್ಲಿದೆ.