ಜಗುಲಿ ಮಾತು: ಬಿಟ್ಟಿ ಅಕ್ಕಿಯ ಲೆಕ್ಕ

(ಸಾಗರ ತಾಲ್ಲೂಕಿನ ನಿವೃತ್ತ ಗ್ರಾಮ ಲೆಕ್ಕಿಗರೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ)

ಪ್ರಶ್ನೆ: ಅನ್ನಭಾಗ್ಯದ ಅಕ್ಕಿ ಬಂದ ಮೇಲೆ ಆಳು ಸಿಗುವುದೇ ಇಲ್ಲ. ಗಂಡಾಳಿಗೆ 600, ಹೆಣ್ಣಾಳಿಗೆ 400 ಕೊಡುತ್ತೇವೆ ಎಂದರೂ ಬರುವುದಿಲ್ಲ. ಬಿಟ್ಟಿ ತಿಂದು ಸೋಮಾರಿಗಳಾಗಿದ್ದಾರೆ. ನಮ್ಮ ಅಪ್ಪನಿಗೆ ಡಿಕ್ಲರೇಶನ್‌ನಲ್ಲಿ, ಅಂದರೆ ಉಳುವವನಿಗೇ ಭೂಮಿ ಎನ್ನುವ ಕಾನೂನಿನಲ್ಲಿ, ಬಂದ ಎರಡು ಎಕರೆಯನ್ನು ಬೆವರು ಸುರಿಸಿ ತೋಟ ಮಾಡಿದವರು ನಾವು. ಸರ್ಕಾರ ಬಡವರನ್ನು ಹಾಳು ಮಾಡುತ್ತಿದೆ ಅಂತ ನಿಮಗೆ ಅನಿಸುವುದಿಲ್ವಾ?
— ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಗೌಡ್ರೇ, ಆಳಿನ ಕಷ್ಟ ಸುಳ್ಳಲ್ಲ. ಕೊಯ್ಲಿನ ಹೊತ್ತಿಗೆ ಮರ ಹತ್ತಿ ಅಡಿಕೆ ಕೊನೆ ತೆಗೆಯುವವನ ಮನೆಗೆ ಅಲೆಯುವ ಪಾಡು ನಮ್ಮಲ್ಲೂ ಇದೆ. ಆದರೆ ಅದಕ್ಕೆ ಅಕ್ಕಿ ಕಾರಣ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ. ಲೆಕ್ಕ ನನ್ನ ಕಸುಬು.

2023ರಲ್ಲಿ ರಾಜ್ಯಕ್ಕೆ ಹೆಚ್ಚುವರಿ ಅಕ್ಕಿ ಸಿಗಲಿಲ್ಲ. ತಲೆಗೆ 5 ಕೆಜಿಯ ಬದಲು ಕೆಜಿಗೆ 34 ರೂಪಾಯಿಯಂತೆ 170 ರೂಪಾಯಿಯನ್ನು ಸರ್ಕಾರ ಖಾತೆಗೆ ಹಾಕಿತು. ಅದೇ ದರ ಹಿಡಿಯಿರಿ. ನಾಲ್ಕು ಜನರ ಮನೆಗೆ ತಲೆಗೆ 10 ಕೆಜಿ ಅಂದರೂ ತಿಂಗಳಿಗೆ 1,360 ರೂಪಾಯಿ. ನೀವು ಗಂಡಾಳಿಗೆ ಕೊಡುವ ಕೂಲಿಯಲ್ಲಿ ಎರಡೂಕಾಲು ದಿನದ್ದು. ಇಷ್ಟಕ್ಕೆ ಯಾರಾದರೂ ತಿಂಗಳೆಲ್ಲ ಕಾಲು ಚಾಚಿ ಮಲಗುತ್ತಾರಾ? ಎಣ್ಣೆ, ಬೇಳೆ, ಮಗುವಿನ ಜ್ವರದ ಔಷಧಿ, ಸಂಘದ ವಾರದ ಕಂತು ಎಲ್ಲ ಹಾಗೇ ಇರುತ್ತವಲ್ಲ. ಅಕ್ಕಿ ಮಾರುವವರೂ ಇದ್ದಾರೆ, ಗೊತ್ತು. ಬಹಳಷ್ಟು ಸಲ ಅದು ಈ ಬಾಬ್ತುಗಳಿಗೇ.

ಹಾಗಾದರೆ ಆಳು ಎಲ್ಲಿ ಹೋದರು? ಹುಡುಗರು ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಸೇರಿದ್ದಾರೆ. ಹುಡುಗಿಯರು ಶಿವಮೊಗ್ಗದ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮಳೆಯಲ್ಲಿ ಜಾರುವ ಮರ ಹತ್ತಿ ಕೊಳೆ ರೋಗದ ಔಷಧಿ ಹೊಡೆಯುವ ಕೆಲಸ ನನ್ನ ಮಗನಿಗೆ ಬೇಡ ಅಂತ ಅಪ್ಪನೇ ಹೇಳುತ್ತಾನೆ. ನಿಮ್ಮ ಮಗನಿಗೂ ನೀವು ಅದನ್ನೇ ಹೇಳಿರುತ್ತೀರಿ, ಅಲ್ವಾ?

ಅಕ್ಕಿಯಿಂದ ಆದದ್ದು ಬೇರೆ. ಮೊದಲೆಲ್ಲ ಆಷಾಢದಲ್ಲಿ ಏನಾಗುತ್ತಿತ್ತು ಅಂತ ನೆನಪು ಮಾಡಿಕೊಳ್ಳಿ. ಪುನರ್ವಸು ಮಳೆ ಹಿಡಿಯಿತು ಅಂದರೆ ಕೂಲಿ ನಿಂತಿತು. ಇಟ್ಟುಕೊಂಡ ಹಲಸಿನ ಬೀಜವೂ ಮುಗಿದ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೆಂಗಸೊಬ್ಬಳು ದೊಡ್ಡಮನೆ ಅಂಗಳದಲ್ಲಿ ಬಂದು ನಿಲ್ಲುತ್ತಿದ್ದಳು. ಜಗುಲಿಯಿಂದ ಯಾರೂ ತಕ್ಷಣ ಮಾತಾಡಿಸುವುದಿಲ್ಲ. ಕೊಪ್ಪೆಯಿಂದ ನೀರು ಇಳಿಯುತ್ತಲೇ ಇರುತ್ತದೆ. ಆಮೇಲೆ ಗಂಡನ ಕುಡಿತದ ಬಗ್ಗೆ ಎರಡು ಮಾತು, ಹೋದ ವರ್ಷದ ಬಾಕಿಯ ಬಗ್ಗೆ ಇನ್ನೆರಡು. ಅಷ್ಟಾದ ಮೇಲೆ ಐದು ಸೇರು ಅಕ್ಕಿ. ಅದನ್ನು ಸುಗ್ಗಿಯಲ್ಲಿ ತೀರಿಸಬೇಕು, ಅವರು ಹೇಳಿದ ಕೂಲಿಗೆ, ಅವರು ಕರೆದ ದಿನ. ಈಗ ಅವಳು ಬರುವುದಿಲ್ಲ. ಬರುವ ಅಗತ್ಯ ಇಲ್ಲ. "ಈ ವಾರ ಆಗಲ್ಲ ಗೌಡ್ರೇ" ಅಂತ ಫೋನಿನಲ್ಲೇ ಹೇಳುತ್ತಾಳೆ. ಆಳು ಸಿಗದ್ದಕ್ಕಿಂತ ಈ ಮಾತೇ ನಮ್ಮನ್ನು ಜಾಸ್ತಿ ಚುಚ್ಚುತ್ತಿದೆ ಅಂತ ನನ್ನ ಅನುಮಾನ.

ಇನ್ನು ಡಿಕ್ಲರೇಶನ್ ವಿಷಯ. ನಮ್ಮ ಕಡೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ತಿರುಗಿಬಿದ್ದಾಗ ಜಗಳ ಭತ್ತ ಅಳೆಯುವ ಕೊಳಗದ ಅಳತೆಯದೂ ಆಗಿತ್ತು. ಒಡೆಯರು ಗೇಣಿ ಅಳೆಸಿಕೊಳ್ಳುವ ಕೊಳಗ ದೊಡ್ಡದು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಭೂಸುಧಾರಣೆ ಕಾಯ್ದೆಗೆ ಗಟ್ಟಿ ತಿದ್ದುಪಡಿ ಜಾರಿಗೆ ಬರಲು 1974 ಆಗಬೇಕಾಯಿತು, ದೇವರಾಜ ಅರಸರೇ ಬರಬೇಕಾಯಿತು. ಗೇಣಿದಾರರು ಭೂಮಿ ಕೇಳಿ ಹಾಕುವ ಅರ್ಜಿ, ಏಳನೇ ನಮೂನೆ, ಅದನ್ನು ತುಂಬಿ ನಿಮ್ಮ ತಂದೆಯವರು ಎರಡು ಎಕರೆ ಮಾಡಿಕೊಂಡರು. ಅದನ್ನು ಬಿಟ್ಟಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಅವರು ಉತ್ತಿದ್ದ ನೆಲ ಅದು. ಸರ್ಕಾರ ಕೊಟ್ಟಿತು ಅಂತ ಅವರೇನೂ ಮಲಗಲಿಲ್ಲ, ತೋಟ ಮಾಡಿದರು. ಆದರೆ ಗೇಣಿಯೂ ಇಲ್ಲದೆ ಬರೀ ಕೂಲಿಗೆ ಹೋಗುತ್ತಿದ್ದವರಿಗೆ ಆ ನಮೂನೆ ತುಂಬಲು ದಾರಿಯೇ ಇರಲಿಲ್ಲ. ನೀವು ಇವತ್ತು ಹುಡುಕುತ್ತಿರುವುದು ಅವರ ಮಕ್ಕಳನ್ನು.

ಅಂದ ಹಾಗೆ, ಹೆಣ್ಣಾಳಿಗೆ 400 ಯಾಕೆ? ಸಮಾನ ಕೂಲಿಯ ಕಾನೂನು 1976ರಲ್ಲೇ ಬಂದಿದೆ. ಈ ಸಲ ಅವರಿಗೂ 600 ಅಂತ ಹೇಳಿ ನೋಡಿ.

ಪ್ರಶ್ನೆ: ಪಕ್ಕದ ಮನೆಯವರಿಗೆ ಬಿಪಿಎಲ್ ಕಾರ್ಡು. ಬೈಕಿದೆ, ದೊಡ್ಡ ಫೋನಿದೆ, ಮೊನ್ನೆ ಫ್ರಿಜ್ ಕೂಡ ಬಂತು. ಕಾರ್ಡು ರದ್ದು ಮಾಡಿಸಲು ಯಾರಿಗೆ ದೂರು ಕೊಡಬೇಕು?
— ಹೆಸರು ಬೇಡ, ರಿಪ್ಪನ್‌ಪೇಟೆ

ಉತ್ತರ: ಫ್ರಿಜ್ ಬಂದದ್ದನ್ನು ನೋಡಿದಿರಿ. ಅದರ ಕಂತಿನ ಚೀಟಿ ನೋಡಿದಿರಾ? 2021ರ ಫೆಬ್ರವರಿಯಲ್ಲಿ ಆಗಿನ ಆಹಾರ ಸಚಿವರೂ ಟಿವಿ, ಫ್ರಿಜ್, ಬೈಕ್ ಇದ್ದವರು ಕಾರ್ಡು ವಾಪಸ್ ಕೊಡಿ ಅಂದಿದ್ದರು. ಜನ ರೇಗಿದ ಮೇಲೆ ಮಾತು ಹಿಂದಕ್ಕೆ ಹೋಯಿತು. ವರ್ಷದ ಆದಾಯ 1.20 ಲಕ್ಷ ದಾಟಬಾರದು, ಸ್ವಂತಕ್ಕೆ ಓಡಿಸುವ ಕಾರಿರಬಾರದು, ಆದಾಯ ತೆರಿಗೆ ಕಟ್ಟುವವರಾಗಿರಬಾರದು. ಹೀಗಿವೆ ಮುಖ್ಯ ನಿಯಮಗಳು. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬರುವ ಊರಿನಲ್ಲಿ ಬೈಕಿಲ್ಲದವನಿಗೆ ಕೂಲಿಯೂ ಇಲ್ಲ. ನಾಳೆ ಕೆಲಸ ಎಲ್ಲಿ ಅಂತ ತಿಳಿಯುವುದೂ ಫೋನಿನಲ್ಲೇ.

ಕೆಲಸದಲ್ಲಿದ್ದಾಗ ಕಾರಿನಲ್ಲಿ ಬಂದಿಳಿದು, ಮಗನ ಸೀಟಿಗೆ ಬೇಕು, ಆದಾಯ ಸ್ವಲ್ಪ ಕಡಿಮೆ ಬರೆಯಿರಿ ಅಂತ ನನ್ನೆದುರು ಕೂತವರನ್ನು ನೋಡಿದ್ದೇನೆ. ಅವರ ಮೇಲೆ ಪಕ್ಕದ ಮನೆಯವರ ದೂರು ಬಂದದ್ದು ಮಾತ್ರ ನನಗೆ ನೆನಪಿಲ್ಲ.

ಪ್ರಶ್ನೆ: ಶಿವಮೊಗ್ಗದಲ್ಲಿ ಬಿಕಾಂ ಓದುತ್ತಿದ್ದೇನೆ. ಅಮ್ಮ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಗೆಳತಿಯರು ಹೋಟೆಲಿಗೆ ಕರೆದರೆ ಇವತ್ತು ಉಪವಾಸ ಅನ್ನುತ್ತೇನೆ. ಮೊನ್ನೆ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್ ಪಟ್ಟಿಯನ್ನು ಆದಾಯದ ಸಮೇತ ಓದಿದರು. ಎಲ್ಲರೂ ತಿರುಗಿ ನೋಡಿದರು. ಗೆಳತಿಯರಿಗೆ ಎಲ್ಲ ಹೇಳಿಬಿಡಲಾ?
— ವಿದ್ಯಾರ್ಥಿನಿ

ಉತ್ತರ: ಹೇಳಲೇಬೇಕು ಅಂತೇನಿಲ್ಲ ಪುಟ್ಟಿ. ಇಷ್ಟವಾದರೆ ಹೇಳು, ಇಲ್ಲದಿದ್ದರೆ ಸುಮ್ನಿರು. ನಿನ್ನ ಗೆಳತಿಯರು ಅವರಪ್ಪನ ಸಾಲ ಎಷ್ಟು ಅಂತ ನಿನಗೆ ಹೇಳಿದ್ದಾರಾ? ಬಡವರ ಮನೆಯ ಮಕ್ಕಳು ಮಾತ್ರ ಎಲ್ಲ ಬಿಚ್ಚಿ ಹೇಳಬೇಕು, ಧೈರ್ಯವಾಗಿ ಹೇಳಬೇಕು, ನಗುನಗುತ್ತಾ ಹೇಳಬೇಕು ಅನ್ನುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಉಪವಾಸದ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ. ಆದರೆ ವಾರಕ್ಕೆ ಮೂರು ಸಲ ಉಪವಾಸ ಮಾಡಿದರೆ ಅವರೇ ನಂಬಲಿಕ್ಕಿಲ್ಲ. "ಇವತ್ತು ದುಡ್ಡಿಲ್ಲ, ನೀವು ಹೋಗಿ ಬನ್ನಿ" ಅಂತ ಒಮ್ಮೆ ಅಂದು ನೋಡು. ಎದ್ದು ಹೋಗುವವರು ಯಾರು, ಟೀ ನಾನು ಕೊಡಿಸುತ್ತೇನೆ ಬಾ ಅನ್ನುವವರು ಯಾರು, ತಿಳಿಯುತ್ತದೆ.

ಪಟ್ಟಿ ಓದಿದ್ದು ಮಾತ್ರ ತಪ್ಪು. ಈಗ ಅರ್ಜಿ ಹಾಕುವುದು ಎಸ್‌ಎಸ್‌ಪಿ ಎಂಬ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಮಂಜೂರಾಯಿತೋ ಇಲ್ಲವೋ ಅಂತ ನಿನ್ನ ಲಾಗಿನ್‌ನಲ್ಲೇ ಕಾಣುತ್ತದೆ. ದುಡ್ಡು ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಕ್ಲಾಸಿನಲ್ಲಿ ಆದಾಯ ಓದುವ ಕೆಲಸವೇ ಇಲ್ಲ. ಪ್ರಾಂಶುಪಾಲರಿಗೆ ಒಂದು ಪತ್ರ ಬರೆ. ಪಟ್ಟಿಯಲ್ಲಿದ್ದ ಇನ್ನೂ ಕೆಲವರು ಸಹಿ ಹಾಕಿದರೆ ಒಳ್ಳೆಯದು.

ಪ್ರಶ್ನೆ: ನಮ್ಮ ಅತ್ತೆಯ ಹೆಬ್ಬೆಟ್ಟನ್ನು ರೇಷನ್ ಅಂಗಡಿಯ ಯಂತ್ರ ತೆಗೆದುಕೊಳ್ಳುವುದಿಲ್ಲ. ಎಲ್ಲರೆದುರು "ಕೈ ತೊಳ್ಕೊಂಡು ಬಾ ಅಜ್ಜಿ" ಅಂತ ಬೈಯುತ್ತಾರೆ. ಮನೆಗೆ ಬಂದು ಅಳುತ್ತಾರೆ.
— ಸೊಸೆ, ಹೊಸನಗರ ತಾಲ್ಲೂಕು

ಉತ್ತರ: ಅಡಿಕೆ ಚೊಗರಿನ ಕಲೆ ತೊಳೆದರೆ ಹೋಗುವಂಥದ್ದಲ್ಲ ಅಂತ ಆ ಅಂಗಡಿಯವರಿಗೆ ಗೊತ್ತಿಲ್ಲದೆ ಏನು. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದೂ ಸುಲಿದೂ ಗೆರೆ ಸವೆದ ಬೆರಳುಗಳು ನಮ್ಮೂರಲ್ಲಿ ಎಷ್ಟಿಲ್ಲ! ಬೇರೆ ಬೆರಳು ಇಡಿಸಿ ನೋಡಿ. ಕಾರ್ಡಿನಲ್ಲಿ ನಿಮ್ಮ ಹೆಸರಿದ್ದರೆ ನೀವೇ ಬೆರಳು ಕೊಟ್ಟು ಪೂರ್ತಿ ಅಕ್ಕಿ ತರಬಹುದು ತಂಗಿ, ಅಜ್ಜಿಯೇ ಹೋಗಬೇಕಾಗಿಲ್ಲ. ಬಿಡುವಾದಾಗ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಅವರ ಬೆರಳು, ಕಣ್ಣು ಎರಡನ್ನೂ ಹೊಸದಾಗಿ ತೆಗೆಸಿ. ಮನೆಯ ಮೊಬೈಲ್ ನಂಬರನ್ನೂ ಸೇರಿಸಿ. ಇಷ್ಟಾಗಿಯೂ ಅಕ್ಕಿ ಇಲ್ಲ ಅಂದರೆ ರೇಷನ್ ಸಹಾಯವಾಣಿ 1967ಕ್ಕೆ ಫೋನ್ ಮಾಡಿ. ಅಂಗಡಿಯ ಸಂಖ್ಯೆ ಕೇಳುತ್ತಾರೆ, ಬೋರ್ಡು ನೋಡಿ ಮೊದಲೇ ಬರೆದಿಟ್ಟುಕೊಳ್ಳಿ.