ಹೊಸ 6 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್‌ನಲ್ಲಿ ಚಂದ್ರ ಬಿಟ್ಟು ಬೇರೇನೂ ಸಿಗುತ್ತಿಲ್ಲ. ಫೋಟೋ ತೆಗೆಯಲು ಕ್ಯಾಮೆರಾ ಕೊಳ್ಳಲೇ?

ನಿಮ್ಮದು 6 ಇಂಚಿನ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ ಕನ್ನಡಿ ಟೆಲಿಸ್ಕೋಪ್, ಅಂದಿದ್ದೀರಿ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದು ಬೇಡ. ಏನೂ ಸಿಗದಿರಲು ಕಾರಣ ಹೆಚ್ಚಾಗಿ ಫೈಂಡರ್, ಅಂದರೆ ಗುರಿ ಹಿಡಿಯಲು ಕೊಳವೆಯ ಮೇಲಿರುವ ಪುಟ್ಟ ದರ್ಶಕ. ಅದೂ ದೊಡ್ಡ ಕೊಳವೆಯೂ ಒಂದೇ ಕಡೆ ನೋಡುತ್ತಿರಬೇಕು. ರಾತ್ರಿ ಕತ್ತಲಲ್ಲಿ ಒದ್ದಾಡುವ ಬದಲು ಇದನ್ನು ಹಗಲಲ್ಲೇ ಸರಿಮಾಡಿ. ದೂರದ ಮೊಬೈಲ್ ಟವರ್‌ನ ತುದಿಯನ್ನು 25 ಎಂಎಂ ಐಪೀಸ್‌ನಲ್ಲಿ (ಕಣ್ಣಿಟ್ಟು ನೋಡುವ ಮಸೂರ) ಸರಿಯಾಗಿ ನಡುವಿಗೆ ತನ್ನಿ. ಕೊಳವೆ ಅಲ್ಲಾಡದಂತೆ ಫೈಂಡರ್‌ನ ತಿರುಪುಗಳನ್ನು ತಿರುಗಿಸುತ್ತಾ ಅದರಲ್ಲೂ ಅದೇ ತುದಿ ನಡುವಿಗೆ ಬರುವಂತೆ ಮಾಡಿ. ಸೂರ್ಯನ ಕಡೆ ಮಾತ್ರ ಅಪ್ಪಿತಪ್ಪಿಯೂ ತಿರುಗಿಸಬೇಡಿ, ಕಣ್ಣೇ ಹೋಗುತ್ತದೆ.

ಯಾವಾಗಲೂ 25 ಎಂಎಂನಿಂದಲೇ ಶುರು ಮಾಡಿ. ಟೆಲಿಸ್ಕೋಪ್‌ನ ಫೋಕಲ್ ಲೆಂಗ್ತ್ (ಕನ್ನಡಿಯಿಂದ ಬಿಂಬ ಮೂಡುವ ಜಾಗದವರೆಗಿನ ದೂರ) 1200 ಎಂಎಂ ಇದ್ದರೆ ಅದು 1200 ÷ 25, ಅಂದರೆ 48 ಪಟ್ಟು ಹಿಗ್ಗಿಸುತ್ತದೆ. ಗುರುವಿನ ನಾಲ್ಕು ದೊಡ್ಡ ಚಂದ್ರರನ್ನು ನೋಡಲು ಅಷ್ಟು ಧಾರಾಳ ಸಾಕು. 10 ಎಂಎಂ ಆಮೇಲೆ ಹಾಕಿ. ಅದರಲ್ಲಿ ಕಾಣುವ ಆಕಾಶ ಚಿಕ್ಕದು, ಹುಡುಕುವುದು ಕಷ್ಟ.

ಕ್ಯಾಮೆರಾ ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ, ಸಾಮಾನ್ಯ ಡಾಬ್ಸೋನಿಯನ್ ಅದರ ಹಿಂದೆ ತಾನಾಗಿ ತಿರುಗುವುದಿಲ್ಲ. ನೀಹಾರಿಕೆಗೆ ಲಾಂಗ್ ಎಕ್ಸ್‌ಪೋಷರ್ ಕೊಟ್ಟರೆ, ಅಂದರೆ ಬಹಳ ಹೊತ್ತು ಬೆಳಕು ಬಿಟ್ಟು ಫೋಟೋ ತೆಗೆದರೆ, ನಕ್ಷತ್ರಗಳೆಲ್ಲ ಗೆರೆ ಆಗಿಬಿಡುತ್ತವೆ. ಅದಕ್ಕೆ ಮೊದಲು ಮೋಟಾರ್ ಇರುವ ಈಕ್ವಟೋರಿಯಲ್ ಮೌಂಟ್, ಅಂದರೆ ಆಕಾಶ ಸರಿದಂತೆ ಟೆಲಿಸ್ಕೋಪ್ ತಿರುಗಿಸುವ ಪೀಠ, ಬೇಕು.

ಸದ್ಯಕ್ಕೆ ಐಪೀಸ್‌ಗೆ ಫೋನ್ ಹೋಲ್ಡರ್ ಹಾಕಿ ಚಂದ್ರನ ಫೋಟೋ ತೆಗೆಯಿರಿ. ಹುಣ್ಣಿಮೆಗಿಂತ ಅಷ್ಟಮಿಯ ಆಸುಪಾಸು ಚೆನ್ನ. ಬೆಳಕು ಕತ್ತಲು ಸೇರುವ ಗೆರೆಯ ಉದ್ದಕ್ಕೂ ಕುಳಿಗಳ ನೆರಳು ಎದ್ದು ಕಾಣುತ್ತದೆ ಅಲ್ವಾ, ಅಲ್ಲಿಗೆ ಫೋಕಸ್ ಮಾಡಿ, ಎಕ್ಸ್‌ಪೋಷರ್ ಇಳಿಸಿ. ಕೈ ತಾಗಿ ಅಲುಗದಂತೆ 3 ಸೆಕೆಂಡಿನ ಟೈಮರ್ ಇಡಿ.